ಆಮೆ ತಳ್ಳಿದ ಬಾಗಿಲು

ಚಿಪ್ಪು ಬಿರುಕುಬಿಟ್ಟ ಆಮೆಯೊಂದು ಎಂಟು ದಿನ ತೆವಳಿ ನರಿಯ ಅಂಗಡಿ ಮುಟ್ಟಿತು. "ಒಡೆದ ಚಿಪ್ಪನ್ನು ಒಂದೇ ದಿನದಲ್ಲಿ ಕೂಡಿಸುವ ಔಷಧಿ" ಎಂದು ಬಾಗಿಲ ಮೇಲೆ ಚಂದದ ಬೋರ್ಡು; ಅದರ ಸುದ್ದಿ ಕೇಳಿಯೇ ಆಮೆ ಹೊರಟು ಬಂದಿತ್ತು. ಬಾಗಿಲು ತಳ್ಳಿದರೆ ಒಳಗೆ ಅಂಗಡಿಯೇ ಇಲ್ಲ, ಬಟಾಬಯಲು.

"ಔಷಧಿ ಎಲ್ಲಿ?" ಎಂದು ಆಮೆ ಅಲ್ಲೇ ಕೂತಿದ್ದ ನರಿಯನ್ನು ಕೇಳಿತು.

"ಇನ್ನೂ ಮಾಡಿಲ್ಲ," ಎಂದಿತು ನರಿ. "ಹೇಳಿದ್ದನ್ನೆಲ್ಲ ಚಿಟಿಕೆ ಹೊಡೆಯುವಷ್ಟರಲ್ಲಿ ಬರೆದುಕೊಡುವ ಗಿಳಿಯೊಂದು ಸಿಕ್ಕಿದೆ. ಬೇರೆಬೇರೆ ಸರಕಿನ ಬೋರ್ಡು ಬರೆಸಿ ಇಂಥ ಹತ್ತು ಬಾಗಿಲು ನಿಲ್ಲಿಸಿದ್ದೇನೆ. ಯಾವ ಬಾಗಿಲಿಗೆ ಹೆಚ್ಚು ಜನ ಬರುತ್ತಾರೋ ಆ ಸರಕು ತಯಾರಿಸುತ್ತೇನೆ. ತಾವು ನೂರನೆಯವರು, ಬಹಳ ಸಂತೋಷ!"

ಆಮೆಗೆ ಮೈಯೆಲ್ಲ ಉರಿದುಹೋಯಿತು. "ಎಂಟು ದಿನ ನೋವು ತಿಂದು ಬಂದಿದ್ದೇನೆ! ಔಷಧಿ ಇನ್ನೂ ಆಗಿಲ್ಲವೆಂದು ಬೋರ್ಡಿನಲ್ಲಿ ಒಂದು ಸಾಲು ಬರೆಸಲು ನಿನಗೇನು ಧಾಡಿಯಾಗಿತ್ತು?"

"ಬರೆಸಿದ್ದರೆ ತಾವು ಬರುತ್ತಿದ್ದಿರಾ?"

ಆಮೆ ಬಂದ ದಾರಿಯಲ್ಲೇ ಮತ್ತೆ ಎಂಟು ದಿನ ತೆವಳಿತು.

ತಿಂಗಳು ಕಳೆದ ಮೇಲೆ ನರಿ ಔಷಧಿಯ ಕುಡಿಕೆ ಹೊತ್ತುಕೊಂಡು ಆಮೆಯ ಕೆರೆಗೇ ಬಂದಿತು. "ತಮ್ಮ ಕಷ್ಟ ಕಂಡು ಕರುಳು ಕಿವುಚಿದಂತಾಯಿತು. ಈ ಸಲ ನಿಜವಾಗಿಯೂ ಮಾಡಿ ತಂದಿದ್ದೇನೆ."

"ಈ ಮಾತನ್ನೂ ಗಿಳಿಯೇ ಬರೆದುಕೊಟ್ಟಿತೇ?" ಎಂದ ಆಮೆ, ಬಿರುಕುಬಿಟ್ಟ ಚಿಪ್ಪಿನೊಳಗೇ ತಲೆ ಎಳೆದುಕೊಂಡಿತು.