ಕಾಲು ತೆಗೆದರೂ ಬಿಡದ ಬ್ರೇಕು

"ಗುರುಗಳೇ, ಎಂಟು ವರ್ಷದ ಹಿಂದೆ ಅಣ್ಣ ನನ್ನನ್ನು ನಾಲ್ಕು ಜನರ ಮುಂದೆ ಬೈದ. ನಾನು ಕೋಪ ತಡೆದುಕೊಂಡೆ. ಇವತ್ತಿನವರೆಗೂ ಒಂದು ಕೆಟ್ಟ ಮಾತು ಆಡಿಲ್ಲ. ಆದರೂ ಅವನನ್ನು ಕಂಡರೆ ಎದೆ ಯಾಕೆ ಸುಡುತ್ತದೆ?" ಎಂದು ಶಿಷ್ಯ ಕರಿಸಿದ್ದ ಕೇಳಿದ. ಆ ಅಣ್ಣ ಬೆಳಿಗ್ಗೆಯಿಂದ ಮಠದ ಜಗಲಿಯ ಮೇಲೆ ಕೂತಿದ್ದ. ಕರಿಸಿದ್ದ ಅವನಿಗೆ ನೀರು ಕೊಟ್ಟು, ಮುಖ ನೋಡದೆ ಒಳಗೆ ಬಂದಿದ್ದ.

ಗುರುಗಳು ನಕ್ಕರು. "ತಡೆದುಕೊಂಡೆಯಾ? ಭೇಷ್. ಹಾಗಾದರೆ ಕೇಳು," ಎಂದರು.

ಒಬ್ಬ ಪಾತ್ರೆ ವ್ಯಾಪಾರಿ. ಅವನ ಬಳಿ ಅಪ್ಪನ ಕಾಲದ ಪಿಕಪ್ ಗಾಡಿ ಇತ್ತು. ಅದರ ಡ್ರಮ್ ಬ್ರೇಕು ಮೂರು ಸಲ ತುಳಿದರೆ ಒಂದು ಸಲ ಹಿಡಿಯುತ್ತಿತ್ತು. ಘಟ್ಟದ ಮೇಲಿನ ಊರಿಂದ ತುಂಬು ಬಸುರಿ ಮಗಳನ್ನು ಹೆರಿಗೆಗೆ ಕರೆತರಬೇಕಿತ್ತು. ಇಂಥ ಬ್ರೇಕು ನೆಚ್ಚಿಕೊಂಡು ಹೋಗುವುದು ಹೇಗೆ? ಗ್ಯಾರೇಜಿಗೆ ಒಯ್ದು ಮುಂದಿನ ಎರಡೂ ಗಾಲಿಗೆ ಡಿಸ್ಕ್ ಬ್ರೇಕು ಹಾಕಿಸಿದ.

"ಯಜಮಾನ್ರೇ, ಬ್ರೇಕ್ ಆಯಿಲ್ ತಳ್ಳೋ ಈ ಹಳೇ ಸಿಲಿಂಡರೂ ಬದಲಾಗಬೇಕು," ಎಂದ ಮೇಸ್ತ್ರಿ. "ಇದರೊಳಗೊಂದು ಸಣ್ಣ ವಾಲ್ವಿದೆ. ಕಾಲು ತೆಗೆದ ಮೇಲೂ ಸ್ವಲ್ಪ ಒತ್ತಡ ಹಿಡಿದಿಟ್ಟುಕೊಳ್ಳುತ್ತೆ. ಡ್ರಮ್ಮಿನಲ್ಲಿ ಹಿಂದಕ್ಕೆಳೆಯೋ ಸ್ಪ್ರಿಂಗಿತ್ತು, ನಡೀತು. ಡಿಸ್ಕಿಗೆ ಆ ಸ್ಪ್ರಿಂಗಿಲ್ಲ, ಆಗಿಬರಲ್ಲ."

"ಅದು ನಮ್ಮಪ್ಪ ಹಾಕಿಸಿದ್ದು ಕಣಯ್ಯ. ಬ್ರೇಕು ಅಂದಮೇಲೆ ಹಿಡಿದಿಟ್ಟುಕೊಂಡರೆ ಒಳ್ಳೇದೇ ಅಲ್ವಾ? ಇರಲಿ ಬಿಡು."

ಹಟಕ್ಕೆ ಬಿದ್ದವನಿಗೆ ಯಾರು ಹೇಳುವುದು? ಮೇಸ್ತ್ರಿ ಬಾನೆಟ್ ಮುಚ್ಚಿದ.

ಊರೊಳಗೆ ಗಾಡಿ ತುಳಿದಲ್ಲೇ ನಿಂತಿತು. ವ್ಯಾಪಾರಿ ಹಿಗ್ಗಿದ. ಘಟ್ಟ ಹತ್ತುವಾಗ ಗಾಡಿ ಯಾಕೋ ಏದುಸಿರು ಬಿಟ್ಟಿತು. ಹಳೇ ಎಂಜಿನ್ನು, ಅಷ್ಟೇ, ಅಂದುಕೊಂಡ. ಮಗಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಇಳಿಯತೊಡಗಿದ.

ಐದನೆಯ ತಿರುವಿನಲ್ಲಿ ಮಗಳು, "ಅಪ್ಪಾ, ಏನೋ ಸುಟ್ಟ ವಾಸನೆ," ಎಂದಳು.

"ಹೊಸ ಬ್ರೇಕಮ್ಮ, ಚೆನ್ನಾಗಿ ಹಿಡೀತಿದೆ," ಎಂದ.

ಆರನೆಯ ತಿರುವಿನಲ್ಲಿ ತುಳಿದ. ಪೆಡಲು ತಳಕ್ಕೆ ಹೋಯಿತು. ಮತ್ತೆ ತುಳಿದ. ಏನೂ ಇಲ್ಲ. ಎಡಕ್ಕೆ ಕಮರಿ. ಕಮರಿಯ ಕಡೆಗೇ ಮಗಳು, ಹೊಟ್ಟೆಯನ್ನು ಎರಡೂ ಕೈಯಲ್ಲಿ ಅವುಚಿಕೊಂಡು. ಗೇರು ಇಳಿಸಿದ, ಹ್ಯಾಂಡ್‌ಬ್ರೇಕು ಜಗ್ಗಿದ, ಗಾಡಿಯನ್ನು ಬಲಗಡೆಯ ಗುಡ್ಡಕ್ಕೆ ಉಜ್ಜಿದ. ರಸ್ತೆ ಕೆಲಸದವರು ಸುರಿದಿದ್ದ ಜಲ್ಲಿ ರಾಶಿಯಲ್ಲಿ ಮೂತಿ ಹೂತು ಗಾಡಿ ನಿಂತಿತು.

ಮಗಳಿಗೆ ಏನೂ ಆಗಲಿಲ್ಲ. ಆಮೇಲೆ ಮೇಸ್ತ್ರಿ ಬಂದು ಗಾಲಿ ಬಿಚ್ಚಿ ತೋರಿಸಿದ. ಡಿಸ್ಕು ನೀಲಿಗಟ್ಟಿತ್ತು. ಹಳೇ ವಾಲ್ವು ಒತ್ತಡ ಹಿಡಿದಿಟ್ಟದ್ದರಿಂದ ಮನೆ ಬಿಟ್ಟಾಗಿನಿಂದ ಬ್ರೇಕು ಗಾಲಿಯನ್ನು ಒಂದು ಗಳಿಗೆಯೂ ಬಿಟ್ಟಿರಲಿಲ್ಲ. ಉಜ್ಜಿ ಉಜ್ಜಿ ಕಾದು ಆಯಿಲ್ ಕುದಿದು ಆವಿಯಾಗಿ, ತುಳಿದರೂ ಒತ್ತಡ ಗಾಲಿಗೆ ಮುಟ್ಟದಂತಾಗಿತ್ತು.

ಕತೆ ಮುಗಿಯಿತು. ಕರಿಸಿದ್ದ ಬಾಗಿಲ ಕಡೆ ಒಮ್ಮೆ ನೋಡಿ, "ಹಾಗಾದರೆ ನಾನು ತಡೆದುಕೊಂಡದ್ದೇ ತಪ್ಪೇ?" ಎಂದ.

"ತಡೆದದ್ದು ಸರಿ ಮಗಾ. ಆದರೆ ಅಣ್ಣ ಬೈದು ನಿಲ್ಲಿಸಿ ಎಂಟು ವರ್ಷವಾಯಿತು, ನೀನು ಇನ್ನೂ ಯಾರನ್ನು ನಿಲ್ಲಿಸಲು ಆ ಬ್ರೇಕು ಹಿಡಿದುಕೊಂಡಿದ್ದೀಯ?" ಎಂದರು ಗುರುಗಳು.