ಬಾಯಿ ಬಿಡದ ತಾಯಿ

ಮನೆಯೊಂದರ ಗಾಜಿನ ತೊಟ್ಟಿಯಲ್ಲಿ ಸಿಕ್ಲಿಡ್ ಮೀನಿನ ದಂಪತಿಯಿದ್ದರು. ಆ ಕುಲದ ತಾಯಿ ಮೊಟ್ಟೆಗಳನ್ನು ಬಾಯೊಳಗಿಟ್ಟು, ಉಪವಾಸವಿದ್ದು ಮರಿ ಮಾಡುತ್ತಾಳೆ. ಮರಳಿನ ಗುಂಡಿಯಲ್ಲಿ ಮೊಟ್ಟೆ ಕಾಣದೆ ಗಂಡ ವಿಚಾರಣೆಗೆ ನಿಂತ.

“ಕದ್ದವರು ಯಾರು?”

“ನಾನಲ್ಲ ಸ್ವಾಮಿ,” ಎಂದಿತು ಗಾಜಿಗೆ ಅಂಟಿದ್ದ ಬಸವನಹುಳು. “ಅಮ್ಮನವರ ಕೆನ್ನೆ ಊದಿದೆ, ನೋಡಿ.”

“ಅದು ಕೊಬ್ಬು! ಏನೇ, ತಪ್ಪು ಮಾಡಿಲ್ಲವಾದರೆ ಬಾಯಿ ಬಿಡು!”

ಬಿಟ್ಟರೆ ಮೊಟ್ಟೆಗಳು ಉದುರುತ್ತವೆ. ಆಕೆ ಸುಮ್ಮನಿದ್ದಳು.

“ಮೌನವೇ ಒಪ್ಪಿಗೆ. ಮೂಲೆಗೆ ನಡಿ!”

ಕೆಲವು ವಾರ ಕಳೆದು ಮೂಲೆಯಲ್ಲಿ ಆಕೆ ಬಾಯಿ ತೆರೆದಳು. ಮರಿಗಳು ಹೊರಬಂದವು.

“ನನ್ನ ಮಕ್ಕಳು! ನ್ಯಾಯ ಗೆದ್ದಿತು!” ಎಂದು ಗಂಡ ಅಬ್ಬರಿಸಿದ. ಬೆದರಿದ ಮರಿಗಳು ತಾಯಿಯ ಬಾಯಿಗೇ ನುಗ್ಗಿದವು.

“ನೋಡಿದೆಯಾ, ನುಂಗಿಯೇಬಿಟ್ಟಳು! ಬಾಯಿ ಬಿಡೇ!”

ಬಸವನಹುಳು ಹೇಳಿತು: “ಮೊದಲು ತಾವು ಮುಚ್ಚಿ ಸ್ವಾಮಿ. ಆಮೇಲೆ ಅಮ್ಮನವರು ಬಿಡುತ್ತಾರೆ.”