ಪಾರವ್ವನ ಉಸಿರಿಗೊಂದು ಜನರೇಟರ್

ಹೊಳೆ ದಂಡೆಯ ಆ ಮಠದಲ್ಲಿ ಕರೆಂಟು ಹೇಳದೆ ಹೋಗುತ್ತಿತ್ತು, ಬೇಡಿಕೊಂಡರೂ ಬರುತ್ತಿರಲಿಲ್ಲ.

ಮೊದಲಾದರೆ ಅದಕ್ಕೆ ಯಾರೂ ತಲೆ ಕೆಡಿಸಿಕೊಂಡವರಲ್ಲ. ಈಗ ಹಾಗಲ್ಲ. ದಾಸೋಹದಲ್ಲಿ ಜೀವಮಾನವಿಡೀ ರೊಟ್ಟಿ ಬಡಿದ ಪಾರವ್ವ ಎದೆಯ ರೋಗ ಹಿಡಿದು ಮಲಗಿದ್ದಳು. ಅವಳಿಗೆ ಉಸಿರು ಕೊಡುವ ಆಕ್ಸಿಜನ್ ಮಷೀನು ಕರೆಂಟಿನ ಮೇಲೆ ನಡೆಯುತ್ತಿತ್ತು.

ನಂಬಬಹುದಾದ ಒಂದು ಜನರೇಟರ್ ಆರಿಸಿ ತಾ ಎಂದು ಮಠದ ಹಿರಿಯರಾದ ಅಜ್ಜಾರು ಶಿಷ್ಯ ಅಡಿವೆಪ್ಪನಿಗೆ ಹೇಳಿದರು. ಹೇಳಿದ್ದೇ ತಪ್ಪಾಯಿತು.

ಅಡಿವೆಪ್ಪ ಪೇಟೆಯ ಅಂಗಡಿ ಅಂಗಡಿ ಅಲೆದ. ಅಳೆದೂ ಸುರಿದೂ ಪ್ರತಿ ಸಲ ಬರಿಗೈಯಲ್ಲಿ ಬಂದ.

“ಒಂದು ಭಾಳ ಸಪ್ಪಳ ಮಾಡ್ತೈತ್ರಿ ಅಜ್ಜಾರ. ಇನ್ನೊಂದು ಪೆಟ್ರೋಲ್ ಭಾಳ ಕುಡೀತೈತಿ. ಮತ್ತೊಂದು ಬ್ಯಾಸಿಗ್ಯಾಗ ಕೈ ಕೊಡತೈತಂತ.”

“ತಮ್ಮಾ, ಕರೆಂಟ್ ಹೋದಾಗ ಪಾರವ್ವನ ಮಗ್ಗಲಕ್ಕ ಯಾರಿರ್ತಾರ?”

“ಆಕಿ ತಂಗಿ ಶಂಕ್ರವ್ವ ಇರ್ತಾಳ್ರಿ.”

“ಹಂಗಾದ್ರ ಆಕಿನ್ನೂ ಕರಕೊಂಡು ಹೋಗು.”

“ಆಕಿಗೇನ್ ತಿಳೀತೈತ್ರಿ, ಕೆವಿಎ ಅಂದ್ರೇನು, ಲೋಡ್ ಅಂದ್ರೇನು?”

ಇವನಿಗೆ ಹೇಳಿ ಹೇಳಿ ಅಜ್ಜಾರಿಗೆ ತಲೆ ಚಿಟ್ಟು ಹಿಡಿದಿತ್ತು.

ಅಂತೂ ಜನರೇಟರ್ ಬಂತು. ಸುಳ್ಳು ಯಾಕೆ ಹೇಳಬೇಕು, ಚೆನ್ನಾಗಿಯೇ ಇತ್ತು. ಒಬ್ಬರೇ ಎತ್ತಿಡುವಷ್ಟು ಹಗುರ, ಪಾರವ್ವನ ಮಷೀನು ನಡೆಸುವಷ್ಟು ಗಟ್ಟಿ. ಚಾವಿ ತಿರುಗಿಸಿದರೆ ಸಾಕು, ಚಾಲೂ. ಹೊಗೆ ಕೋಣೆಗೆ ನುಗ್ಗದಿರಲೆಂದು ಅಡಿವೆಪ್ಪ ಅದನ್ನು ಅಂಗಳದಾಚೆ ತಗಡಿನ ಮಾಡಿನ ಕೆಳಗಿಟ್ಟು ವೈರು ಎಳೆದ. ಪೆಟ್ರೋಲ್ ತುಂಬಿದ.

ಬಂದವರು ಹೋದವರು ಮುಟ್ಟಿ ಕೆಡಿಸಬಾರದಲ್ಲ, ಚಾವಿಯನ್ನು ತನ್ನ ಸೊಂಟದ ಉಡದಾರಕ್ಕೆ ಕಟ್ಟಿಕೊಂಡ. ಕಣಜದ ಚಾವಿ, ಹುಂಡಿಯ ಚಾವಿ ಎಲ್ಲವೂ ಅಲ್ಲೇ ಇರುತ್ತಿದ್ದವು.

“ಇನ್ನ ನೀವು ಚಿಂತಿ ಬಿಡ್ರಿ ಅಜ್ಜಾರ,” ಎಂದ.

ಮರುದಿನ ಅವನು ಹೊಳೆಗೆ ಸ್ನಾನಕ್ಕೆ ಹೋಗಿದ್ದಾಗ ಕರೆಂಟು ಹೋಯಿತು.

ಶಂಕ್ರವ್ವ ಅಂಗಳಕ್ಕೆ ಓಡಿದಳು. ಜನರೇಟರಿನ ಸುತ್ತ ತಡಕಾಡಿ ಮತ್ತೆ ಒಳಗೆ ಬಂದಳು.

“ಯಪ್ಪಾ, ಚಾವಿನ ಇಲ್ಲರಿ.”

“ಅಡಿವೆಪ್ಪನ್ನ ಕೂಗು. ಹೊಳಿಗೆ ಓಡು.”

ಅಜ್ಜಾರು ಪಾರವ್ವನನ್ನು ಎತ್ತಿ ಕೂರಿಸಿ ಎದೆಗೆ ಒರಗಿಸಿಕೊಂಡರು. ಮುದುಕಿಯ ತುಟಿ ನೀಲಿಗಟ್ಟುತ್ತಿತ್ತು. ಅಜ್ಜಾರ ಕಾವಿಯನ್ನು ಮುಷ್ಟಿಯಲ್ಲಿ ಹಿಡಿದು ಅವಳು ಗಾಳಿಗೆ ಬಾಯಿ ಬಿಡುತ್ತಿದ್ದಳು. ಅಜ್ಜಾರಿಗೆ ಭಯವಾಯಿತು, ಭಯದ ಬೆನ್ನಿಗೇ ಸಿಟ್ಟು ಬಂತು.

ಅಡಿವೆಪ್ಪ ಒದ್ದೆ ಪಂಜೆಯಲ್ಲೇ ಓಡಿಬಂದ. ನೆನೆದ ಗಂಟು ಬಿಚ್ಚಲು ಬರಲಿಲ್ಲ. ಉಡದಾರವನ್ನೇ ಹರಿದು ಚಾವಿ ತಿರುಗಿಸಿದ. ಜನರೇಟರ್ ತಕ್ಷಣ ಶುರುವಾಯಿತು. ಒಳಗೆ ಪಾರವ್ವನ ಮಷೀನು ನಡೆಯತೊಡಗಿತು. ಅವಳ ತುಟಿಗೆ ಮೆಲ್ಲಗೆ ಬಣ್ಣ ಬಂತು.

ಅಡಿವೆಪ್ಪ ನೀರು ಸೋರಿಸುತ್ತ ಬಾಗಿಲಲ್ಲಿ ನಿಂತ. ಏದುಸಿರು ಬಿಡುತ್ತಿದ್ದರೂ ಮುಖದಲ್ಲಿ ಹೆಮ್ಮೆ ಇತ್ತು.

“ನೋಡಿದ್ರೇನ್ರಿ ಅಜ್ಜಾರ? ಒಂದ ಸಲಕ್ಕ ಚಾಲೂ ಆತು. ನಂಬಿಗಸ್ತ ಮಷೀನ್ ಅಂತ ನಾ ಹೇಳಿರಲಿಲ್ಲೇನ್ರಿ?”

ಅಜ್ಜಾರು ಪಾರವ್ವನ ಬೆರಳುಗಳನ್ನು ತಮ್ಮ ಕಾವಿಯಿಂದ ಒಂದೊಂದಾಗಿ ಬಿಡಿಸಿದರು.

“ಹೌದಪ್ಪಾ, ಮಷೀನ್ ಛಲೋ ಐತಿ. ಈಗ ಹೊಳಿಗೆ ಹೋಗಿ, ನೀರಾಗ ನಿಂತು, ಅಲ್ಲಿಂದ ಇನ್ನೊಮ್ಮೆ ಚಾಲೂ ಮಾಡು.”